ಅಪಸ್ಮಾರವೂ ಡೋಪಮೈನೂ

ಅಪಸ್ಮಾರವೆಂದೊಡನೆ ವೈದ್ಯಶಾಸ್ತ್ರವು ಬಹುಕಾಲ ನೋಡುತ್ತ ಬಂದಿರುವುದು ಮಿದುಳಿನ ಹೊರಪದರವನ್ನು. ಅಸಂಖ್ಯ ನರಕೋಶಗಳು ಏಕಕಾಲದಲ್ಲಿ ಅಂಕೆತಪ್ಪಿ ಮಿಡಿಯುವ ವಿದ್ಯುತ್‌ಕ್ಷೋಭೆ ತಲೆದೋರುವುದು ಸಾಮಾನ್ಯವಾಗಿ ಅಲ್ಲಿಯೇ, ತಲೆಗೆ ತಂತಿಗಳನ್ನಂಟಿಸಿ ಪಡೆಯುವ ಇ.ಇ.ಜಿ. ರೇಖೆಗಳಿಗೆ ಸಿಕ್ಕುವುದೂ ಬಹುಮಟ್ಟಿಗೆ ಅಲ್ಲಿಯ ಕೋಲಾಹಲವೇ. ಆದರೆ ಹುಟ್ಟಿದ ಸೆಳವು ಒಬ್ಬನಲ್ಲಿ ಕ್ಷಿಪ್ರವಾಗಿ ಶಮನವಾಗಿ ಮತ್ತೊಬ್ಬನಲ್ಲಿ ಬಹುಹೊತ್ತು ಮುಂದುವರಿಯುವುದೇಕೆಂದು ಕೇಳಹೊರಟವರು ಮಿದುಳಿನ ಆಳಕ್ಕೆ ಇಳಿಯಲೇಬೇಕಾಯಿತು. ಅಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ನರಕೇಂದ್ರಗಳು, ಕೆರೆಯ ತೂಬು ನೀರನ್ನು ಹಿಡಿದು ಬಿಡುವಂತೆ, ಹೊರಪದರದ ಚಟುವಟಿಕೆಯನ್ನು ಹದದಲ್ಲಿಡುತ್ತವೆ. 1982ರಲ್ಲಿ ಅಮೆರಿಕದ ಇಯಾಡರೋಲ ಮತ್ತು ಗೇಲ್ ಎಂಬ ವಿಜ್ಞಾನಿಗಳು ಈ ವ್ಯೂಹದ ಅಂಗವಾದ ಸಬ್‌ಸ್ಟಾನ್ಷಿಯ ನೈಗ್ರದ ಮೇಲೆ ಔಷಧ ಪ್ರಯೋಗಿಸಿ ಇಲಿಗಳ ಸೆಳವನ್ನು ತಡೆದು ತೋರಿಸಿದರು. ಈ ಹದವನ್ನು ನಿರ್ಧರಿಸುವ ರಾಸಾಯನಿಕಗಳಲ್ಲಿ ಡೋಪಮೈನ್ ಪ್ರಮುಖವಾದುದು.

ಅದನ್ನು ಜೀವಂತ ಮನುಷ್ಯನಲ್ಲಿ ಕಾಣುವ ಉಪಾಯ ಚಮತ್ಕಾರಿಕವಾದುದು. ಡೋಪಮೈನ್ ರಕ್ತದಿಂದ ಮಿದುಳನ್ನು ಪ್ರವೇಶಿಸಲಾರದು; ಅದರ ಪೂರ್ವರೂಪವಾದ ಡೋಪಾ ಪ್ರವೇಶಿಸಬಲ್ಲುದು. ಆದ್ದರಿಂದ ವಿಕಿರಣಶೀಲ ಫ್ಲೋರಿನ್-18 ಅನ್ನು ಹೊತ್ತ ಡೋಪಾವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಿದರೆ, ಡೋಪಮೈನ್ ತಯಾರಿಸುವ ನರತಂತುಗಳು ಅದನ್ನು ತಮ್ಮದೆಂದೇ ಬಗೆದು ಶೇಖರಿಸಿಕೊಳ್ಳುತ್ತವೆ. ಅಲ್ಲಿಂದ ಹೊಮ್ಮುವ ಕಿರಣಗಳನ್ನು ಪೆಟ್ ಯಂತ್ರವು ಹಿಡಿದು ಚಿತ್ರವಾಗಿಸುತ್ತದೆ. 1983ರಲ್ಲಿ ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಸಾಧಿಸಿದರು. ಸುಮಾರು 110 ನಿಮಿಷಗಳಲ್ಲಿ ಈ ಫ್ಲೋರಿನ್ನಿನ ಅರ್ಧಾಂಶ ನಶಿಸಿಹೋಗುವುದರಿಂದ ಪರೀಕ್ಷೆಯು ಎಲ್ಲ ಊರಿಗೂ ಸುಲಭವಾಗಿ ಎಟಕುವಂಥದಲ್ಲ.

ಅಪಸ್ಮಾರದಲ್ಲಿ ಇದರ ಬೆಲೆಯನ್ನು ತಿಳಿಸಿಕೊಟ್ಟದ್ದು ಒಂದು ಅತಿ ವಿರಳವಾದ ವ್ಯಾಧಿ. ಇಪ್ಪತ್ತನೆಯ ವರ್ಣತಂತುವಿನ ಎರಡು ತುದಿಗಳೂ ಕೂಡಿ ಉಂಗುರವಾಗಿರುವ ಈ ರೋಗಿಗಳು ಎಷ್ಟೋ ಸಲ ಕೈಕಾಲು ಸೆಟೆಯದೆ, ನೆಲಕ್ಕುರುಳದೆ, ನಿಮಿಷಗಟ್ಟಲೆ, ಒಮ್ಮೊಮ್ಮೆ ಇನ್ನೂ ದೀರ್ಘಕಾಲ ಮಂಕು ಕವಿದವರಂತೆ ಇದ್ದುಬಿಡುತ್ತಾರೆ. ನೋಡುವವರು ಇದನ್ನು ಸೋಮಾರಿತನವೆಂದೋ ಮನೋವಿಕಾರವೆಂದೋ ಎಣಿಸಿದರೆ ಆಶ್ಚರ್ಯವಿಲ್ಲ. ಔಷಧಗಳು ನಾಟುವುದು ಕಡಿಮೆ, ಎಂ.ಆರ್.ಐ. ಚಿತ್ರದಲ್ಲಿ ಸಾಮಾನ್ಯವಾಗಿ ದೋಷವೇ ತೋರದು. ಇಂಥವರನ್ನು ಫ್ರಾನ್ಸಿನ ಬಿರಾಬೆನ್ ಮತ್ತವರ ಸಂಗಡಿಗರು ಪೆಟ್ ಯಂತ್ರದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದಂತೆ, ಬೇಸಲ್ ಗ್ಯಾಂಗ್ಲಿಯದ ಭಾಗಗಳಾದ ಎರಡೂ ಪಾರ್ಶ್ವಗಳ ಪುಟಾಮೆನ್ ಮತ್ತು ಕಾಡೇಟ್ ಕೇಂದ್ರಗಳು ಆರೋಗ್ಯವಂತರಲ್ಲಿಗಿಂತ ಕಡಿಮೆ ಡೋಪಾವನ್ನು ಹೀರಿಕೊಂಡಿದ್ದವು. ರಚನೆ ಅಕ್ಷತವಾಗಿದ್ದೂ ರಸಾಯನ ಕ್ಷೀಣಿಸಿತ್ತು. ಮರುವರ್ಷವೇ ಟೆಂಪೊರಲ್ ಹಾಲೆಯ ಹಠಮಾರಿ ಅಪಸ್ಮಾರದಲ್ಲಿಯೂ ಇಂಥ ಕೊರತೆ ಕಂಡುಬಂದಿತು. 2008ರಲ್ಲಿ ಸ್ಟಾಕ್‌ಹೋಮಿನವರು ಹದಿಹರೆಯದಲ್ಲಿ ಮೊದಲಾಗುವ ಮಯೊಕ್ಲೋನಿಕ್ ಅಪಸ್ಮಾರದಲ್ಲಿ ಡೋಪಮೈನನ್ನು ಮರಳಿ ಒಳಗೊಯ್ಯುವ ವಾಹಕಗಳು ನಡುಮಿದುಳಿನಲ್ಲಿ ಕುಗ್ಗಿರುವುದನ್ನು ಗುರುತಿಸಿದರು.

ಇಷ್ಟರಿಂದ ಡೋಪಮೈನಿನ ಕೊರತೆಯೇ ಅಪಸ್ಮಾರದ ಮೂಲವೆಂದು ಘೋಷಿಸುವುದು ಆತುರವಾದೀತು. ವರ್ಷಾನುವರ್ಷದ ಸೆಳವುಗಳೇ ಆ ನರತಂತುಗಳನ್ನು ಬಳಲಿಸಿರಬಹುದು, ಅಥವಾ ಮಿದುಳು ಸೆಳವನ್ನೆದುರಿಸಲು ತಾನೇ ಮಾಡಿಕೊಂಡ ಮಾರ್ಪಾಟು ಅದಾಗಿರಬಹುದು; ಒಂದೇ ಸಲ ತೆಗೆದ ಚಿತ್ರವು ಈ ವಾದವನ್ನು ತೀರ್ಮಾನಿಸಲಾರದು. ಹಾಗಾದರೆ ಪಾರ್ಕಿನ್ಸನ್ ರೋಗಿಗೆ ಕೊಡುವ ಡೋಪಾವನ್ನೇ ಇವರಿಗೂ ಕೊಟ್ಟು ನೋಡಬಾರದೇಕೆ ಎಂಬ ಪ್ರಶ್ನೆ ಸಹಜವಾದರೂ, ಉತ್ತರ ಸರಳವಾದುದಲ್ಲ: ಪ್ರಾಣಿಗಳ ಮೇಲಿನ ಪ್ರಯೋಗಗಳ ಪ್ರಕಾರ ಡೋಪಮೈನಿನ ಡಿ-1 ಗ್ರಾಹಕಗಳು ಪ್ರಚೋದಿತವಾದರೆ ಸೆಳವು ಸುಲಭವಾಗಿ ತಲೆದೋರುತ್ತದೆ, ಡಿ-2 ಗ್ರಾಹಕಗಳು ಪ್ರಚೋದಿತವಾದರೆ ಅದು ತಲೆದೋರುವುದು ಕಷ್ಟವಾಗುತ್ತದೆ, ಡೋಪಾದಿಂದ ಹುಟ್ಟುವ ಡೋಪಮೈನಾದರೋ ಎರಡನ್ನೂ ಏಕಕಾಲದಲ್ಲಿ ತಟ್ಟುತ್ತದೆ.