ನಿಮಗಿದು ಗೊತ್ತೆ? ಅನಾನಸ್ ಜೊತೆ ಹುಳಿ ಬರುವ ಕಾಫಿ!

ಪಲ್ಪರ್ ಯಂತ್ರದಲ್ಲಿ ಸಿಪ್ಪೆ ತೆಗೆದ ಮೇಲೂ ಕಾಫಿ ಬೀಜಕ್ಕೆ ಸಿಹಿ ಲೋಳೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುವುದು ಹಳೆಯ ಪದ್ಧತಿ. ಕೊಲಂಬಿಯಾದ ಕೆಲವು ಕುಟುಂಬಗಳ ತೋಟಗಳಲ್ಲಿ ಈಗ ಇದೇ ಹಂತದಲ್ಲಿ ಅನಾನಸ್, ಪೀಚ್, ಪ್ಯಾಶನ್ ಫ್ರೂಟ್ ಬೆರೆಸಿ, ಗಾಳಿಯಾಡದಂತೆ ಡ್ರಮ್ಮು ಮುಚ್ಚಿಡುತ್ತಾರೆ.

• ಹಣ್ಣಿನ ಸಕ್ಕರೆ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಗೆ ಆಹಾರ. ಅವು ಆಮ್ಲಗಳನ್ನೂ ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳನ್ನೂ ಹುಟ್ಟಿಸುತ್ತವೆ.

• ಹದ ಮೀರಿದರೆ ಕಾಫಿಗೆ ವಿನೆಗರ್ ವಾಸನೆ ಬರುತ್ತದೆ. ಹಾಗಾಗಿ ಆಮ್ಲೀಯತೆ, ಉಷ್ಣಾಂಶಗಳನ್ನು ಆಗಾಗ ಅಳೆಯಬೇಕು.

• ಬಳಿಕ ಬೀಜದ ತೇವಾಂಶ ಸುಮಾರು ಶೇ 11ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ.

• ಆಸ್ಟ್ರೇಲಿಯಾದ ಸಾಶಾ ಸೆಸ್ಟಿಕ್ 2015ರ ವಿಶ್ವ ಬರಿಸ್ತಾ ಚಾಂಪಿಯನ್‌ಷಿಪ್ ಗೆದ್ದಾಗ ಬಳಸಿದ್ದು ಕೊಲಂಬಿಯಾದ ಕಾಫಿ. ಅದನ್ನು ಹುಳಿಸಿದ್ದು ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯಾಂಕಿನಲ್ಲಿ. ವೈನ್ ತಯಾರಕರಿಂದ ಕಲಿತ ವಿದ್ಯೆ ಇದು. ಇಂಥ ಪ್ರಯೋಗಗಳತ್ತ ಬೆಳೆಗಾರರ ಕುತೂಹಲ ಆಮೇಲೆ ಹೆಚ್ಚಿತು.

• ಹಣ್ಣು ಸೇರಿಸಿದರೆ ಮಣ್ಣಿನ, ತಳಿಯ ಸ್ವಂತ ರುಚಿ ಮರೆಯಾಗುತ್ತದೆ ಎನ್ನುವವರೂ ಇದ್ದಾರೆ. ಬೆರೆಸಿದ್ದನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬುದು ಅವರ ಒತ್ತಾಯ.

• ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ಕರ್ನಾಟಕದಲ್ಲೂ ಕೆಲವು ತೋಟಗಳು ಹಣ್ಣು ಬೆರೆಸಿ ಹುಳಿಸುವ ಪ್ರಯೋಗಕ್ಕೆ ಇಳಿದಿವೆ.