ಟಾಪರ್ ಬಿಗಿಯುವ ಕೈಚಳಕ

ಅಮೆರಿಕದ ಕ್ಯಾನ್ಸಾಸ್, ವಯೋಮಿಂಗ್ ಕಡೆಯ ಬಟಾಬಯಲಲ್ಲಿ ಗಾಳಿಗೆ ಅಡ್ಡವಾಗಿ ಒಂದು ಮರ ಸಿಗುವುದೂ ಅಪರೂಪ. ಅಲ್ಲಿ ರಾತ್ರಿ ಕ್ಯಾಂಪರ್ ಟ್ರೇಲರ್ ನಿಲ್ಲಿಸಿ ಮಲಗಿದವರ ನಿದ್ದೆ ಕೆಡಿಸಲು ತಲೆಯ ಮೇಲಿನ ಒಂದು ತುಂಡು ಬಟ್ಟೆ ಸಾಕು.

ಇಂಥ ಟ್ರೇಲರ್‌ಗಳಲ್ಲಿ ಗೋಡೆಯ ಒಂದು ಭಾಗ ಸೋಫಾ, ಮಂಚದ ಸಮೇತ ಹೊರಕ್ಕೆ ಜರುಗಿ ಜಾಗ ಹಿಗ್ಗಿಸುತ್ತದೆ. ಅದೇ ಸ್ಲೈಡ್‌ಔಟ್. ಅದರ ಚಾವಣಿಯ ಮೇಲೆ ನಿಂತ ನೀರು, ಬಿದ್ದ ತರಗೆಲೆ ಮುಚ್ಚುವಾಗ ಒಳಗೆ ಬರಬಾರದೆಂದು ಮೇಲೊಂದು ವಿನೈಲ್ ಹೊದಿಕೆ ಇರುತ್ತದೆ, ಅದು ಟಾಪರ್. ಅದರ ಒಂದು ಅಂಚು ಟ್ರೇಲರ್ ಗೋಡೆಗೆ ಸಿಕ್ಕಿಸಿರುತ್ತದೆ, ಇನ್ನೊಂದು ಸ್ಲೈಡ್‌ಔಟಿನ ಹೊರತುದಿಯ ರೋಲರ್‌ಗೆ ಸುತ್ತಿರುತ್ತದೆ. ಬಟ್ಟೆಯನ್ನು ಎಳೆದು ಹಿಡಿಯುವುದೆಲ್ಲ ರೋಲರ್ ಒಳಗಿನ ಸ್ಪ್ರಿಂಗಿನ ಕೆಲಸ.

ಗಾಳಿ ಮೇಲೆ ಹಾದಾಗ ಅಲ್ಲಿ ಒತ್ತಡ ಇಳಿದು ಬಟ್ಟೆ ಉಬ್ಬುತ್ತದೆ, ಸ್ಪ್ರಿಂಗ್ ಸೋತು ರೋಲರ್ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಗಾಳಿ ತಗ್ಗಿದೊಡನೆ ಸ್ಪ್ರಿಂಗ್ ಎಳೆದುಕೊಂಡು ಬಟ್ಟೆ ಚಾವಣಿಗೆ ಫಟ್ಟನೆ ಬಡಿಯುತ್ತದೆ. ಗಂಟೆಗೆ 40 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 7.5 ಕೆ.ಜಿ. ಭಾರದಷ್ಟು, ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ತಂತಿಗೆ ಸಡಿಲವಾಗಿ ಹರವಿದ ಸೀರೆ ಪಟಪಟನೆ ಬಡಿದುಕೊಳ್ಳುತ್ತದೆ, ನಾಲ್ಕೂ ಮೂಲೆ ಎಳೆದು ಕಟ್ಟಿದರೆ ಸುಮ್ಮನಾಗುತ್ತದೆ. ಇಲ್ಲಿಯೂ ಮದ್ದು ಅದೇ.

ಬಲ್ಲ ಮೆಕ್ಯಾನಿಕ್ ಬಂದವನೇ ಪಾನಾ ಎತ್ತುವುದಿಲ್ಲ. ಏಣಿ ಹತ್ತಿ, ಬಟ್ಟೆ ನಡುವೆ ಎಷ್ಟು ಜೋತಿದೆ, ನೀರು ನಿಂತ ಕಲೆ ಎಲ್ಲಿದೆ ಎಂದು ನೋಡುತ್ತಾನೆ. ಆಮೇಲೆ ರೋಲರ್ ತುದಿಯ ಸರಳನ್ನು ಲಾಕಿಂಗ್ ಇಕ್ಕಳದಲ್ಲಿ ಕಚ್ಚಿ ಹಿಡಿದು, ಬೋಲ್ಟ್ ಬಿಚ್ಚಿ, ಒಂದೇ ಒಂದು ಸುತ್ತು ತಿರುಗಿಸಿ ಮತ್ತೆ ಬಿಗಿಯುತ್ತಾನೆ. ಸಾಲದಿದ್ದರೆ ಇನ್ನೊಂದು. ಕೈ ಜಾರಿದರೆ ಸ್ಪ್ರಿಂಗ್ ಸರ್ರನೆ ಬಿಚ್ಚಿಕೊಂಡು ಬೆರಳು ಮುರಿದೀತು. ಒಬ್ಬರೇ ಮಾಡುವ ಕೆಲಸವಲ್ಲ. ಹೆಚ್ಚು ಬಿಗಿದರೂ ಕಷ್ಟ, ಹೊಲಿಗೆ ಹರಿಯುತ್ತದೆ, ರೋಲರ್ ಬಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಅಂಗೈಗೆ ಗೊತ್ತಾಗಬೇಕು. ಈ ಕಸುಬಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಉದ್ದದ ಟಾಪರ್ ಎಷ್ಟು ಬಿಗಿದರೂ ನಡುವೆ ಜೋಲುತ್ತದೆ. ಅದಕ್ಕೆ ಅನುಭವಸ್ಥರು ಚಾವಣಿಗೂ ಬಟ್ಟೆಗೂ ನಡುವೆ ಗಾಳಿ ತುಂಬಿದ ಚೆಂಡನ್ನೋ ಈಜುಕೊಳದ ಉದ್ದನೆಯ ಫೋಮ್ ಕೊಳವೆಯನ್ನೋ ತೂರಿಸುತ್ತಾರೆ. ಬಟ್ಟೆ ಮೇಲೆದ್ದು ಬಿಗಿಯುತ್ತದೆ, ಚಾವಣಿಗೆ ಬಡಿಯುವುದು ತಪ್ಪುತ್ತದೆ, ಮಳೆನೀರೂ ಇಳಿದು ಹೋಗುತ್ತದೆ. ಪುಡಿಗಾಸಿನ ಈ ಉಪಾಯವೇ ನನಗೆ ಹೆಚ್ಚು ಮೆಚ್ಚುಗೆ. ಟ್ರೇಲರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿದರೆ ಅರ್ಧ ಗಲಾಟೆ ಆಗಲೇ ತಗ್ಗುತ್ತದೆ, ಅದಕ್ಕೆ ಕಾಸೂ ಬೇಡ.

ಬಿರುಗಾಳಿಯ ಮುನ್ಸೂಚನೆ ಇದ್ದರೆ ಮಾತ್ರ ಈ ಯಾವ ಉಪಾಯವನ್ನೂ ನೆಚ್ಚಬೇಡಿ, ಸ್ಲೈಡ್‌ಔಟನ್ನೇ ಒಳಗೆಳೆದುಕೊಳ್ಳಿ. ಎಳೆಯುವ ಮುಂಚೆ ಏಣಿ ಹತ್ತಿ ಆ ಚೆಂಡನ್ನೋ ಕೊಳವೆಯನ್ನೋ ತೆಗೆಯಿರಿ. ಮರೆತರೆ ಹರಿಯುವುದು ಟಾಪರೇ.