ಬಾರಿನ ಮೂಲೆಯಲ್ಲಿ ಸಿಗರೇಟ್ ಸೇದಬಹುದೇ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಬೀಡಿ, ಸಿಗರೇಟ್ ಸೇದುವಂತಿಲ್ಲ. ಆದರೆ ಕೆಲವು ರೆಸ್ಟೋರೆಂಟ್‌ಗಳಲ್ಲಿ ಅದಕ್ಕೆಂದೇ ಕೋಣೆ ಇದೆಯಲ್ಲ, ಹೇಗೆ?

ಉತ್ತರ: 2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದೆ. 2008ರ ಅಕ್ಟೋಬರ್ 2ರಂದು ಜಾರಿಯಾದ ನಿಯಮಗಳು ಕಚೇರಿ, ಹೋಟೆಲ್, ಬಾರ್‌ಗಳನ್ನೂ ಇದರಡಿ ತಂದವು. ವಿನಾಯಿತಿ ಇರುವುದು ವಿಮಾನ ನಿಲ್ದಾಣಗಳಿಗೆ, 30 ಕೋಣೆಗಳಿಗೆ ಕಡಿಮೆಯಿಲ್ಲದ ವಸತಿಗೃಹಗಳಿಗೆ ಮತ್ತು 30 ಆಸನಗಳಿಗೆ ಕಡಿಮೆಯಿಲ್ಲದ ರೆಸ್ಟೋರೆಂಟ್‌ಗಳಿಗೆ ಮಾತ್ರ.

ಅಲ್ಲಿಯೂ ಮೂಲೆಯಲ್ಲೊಂದು ಮೇಜು ಹಾಕಿದರೆ ಸಾಲದು. ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಬೇಕು. ಒಳಗಿನ ಗಾಳಿಯನ್ನು ಫ್ಯಾನು ನೇರ ಹೊರಗೆ ತಳ್ಳುತ್ತಿರಬೇಕು. ಆಗ ಒಳಗಿನ ಒತ್ತಡ ಕಡಿಮೆಯಾಗಿ, ಬಾಗಿಲು ತೆರೆದಾಗ ಹೊರಗಿನ ಗಾಳಿ ಒಳನುಗ್ಗುತ್ತದೆಯೇ ಹೊರತು ಹೊಗೆ ಊಟದ ಮೇಜಿನತ್ತ ಬರುವುದಿಲ್ಲ. ಉಳಿದ ಕಡೆ ಆ್ಯಶ್‌ಟ್ರೇ, ಬೆಂಕಿಪೊಟ್ಟಣ ಇಡುವುದೂ ತಪ್ಪು.

ಕರ್ನಾಟಕ 2025ರಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ವಿಧಿಸುವ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿ, ಹುಕ್ಕಾ ಬಾರ್‌ಗಳನ್ನೂ ನಿಷೇಧಿಸಿತು.

ಗಿರಾಕಿ ಊಟ ಮುಗಿಸಿ ಎದ್ದು ಹೋಗುತ್ತಾರೆ. ಬಡಿಸುವವರು, ಮೇಜು ಒರೆಸುವವರು ಅದೇ ಗಾಳಿಯಲ್ಲಿ ದಿನವಿಡೀ ದುಡಿಯಬೇಕು. ಈ ಕಾನೂನು ಮೊದಲು ಕಾಯಬೇಕಾದದ್ದು ಅವರ ಶ್ವಾಸಕೋಶವನ್ನು. ನಿಯಮ ಮುರಿದದ್ದು ಕಂಡರೆ ಮ್ಯಾನೇಜರನ್ನು ಕೇಳಿ. ತಡೆಯುವುದು ಅವರ ಹೊಣೆ.